ತೂಕದ ಗದಿಗೆಪ್ಪಜ್ಜ ಮತ್ತು ನನ್ನ ನಲವತ್ತೈದು ಕಿಲೋ

ಗದಿಗೆಪ್ಪಜ್ಜ ಮದುವೆಗೆ ಹೋದರೆ ಅಕ್ಷತೆ ಹಾಕುವ ಮೊದಲು ವಧೂವರರನ್ನು ಕಣ್ಣಲ್ಲೇ ತೂಗುತ್ತಿದ್ದ. "ಹುಡುಗ ಎಪ್ಪತ್ತೊಂದು. ಹುಡುಗಿ ಐವತ್ತಾರು, ಬಂಗಾರ ಬಿಟ್ಟು" ಎಂದು ಪಕ್ಕದವರಿಗೆ ತಿಳಿಸಿ ಆಮೇಲೆ ಕೈಯಲ್ಲಿದ್ದ ಅಕ್ಕಿ ಎಸೆಯುತ್ತಿದ್ದ. ಪಕ್ಕದಲ್ಲಿ ಕೂತವಳು ಹುಡುಗಿಯ ತಾಯಿಯೇ ಆಗಿದ್ದರೂ ಅವನಿಗೆ ಅದರ ಪರಿವೆ ಇರುತ್ತಿರಲಿಲ್ಲ. ನಮ್ಮ ಓಣಿಯ ಹೆಂಗಸರು ಅವನ ಕಟ್ಟೆಯ ಮುಂದೆ ಹಾಯುವಾಗ ಸೆರಗು ಹೊದ್ದು ಲಗುಬಗೆಯಿಂದ ದಾಟುತ್ತಿದ್ದರು. ಅದು ಹಿರಿಯರಿಗೆ ಕೊಡುವ ಮರ್ಯಾದೆಯೆಂದು ಅವನು ತಿಳಿದಿದ್ದ. ಅವರಿಗೋ ತಮ್ಮ ಅಂಕಿ ಹೊರಬೀಳದಿದ್ದರೆ ಸಾಕಿತ್ತು. ಅವನಿಂದ ಒಮ್ಮೆಯೂ ತೂಗಿಸಿಕೊಳ್ಳದವಳೆಂದರೆ ಅವನ ಹೆಂಡತಿ ನೀಲವ್ವ ಅಜ್ಜಿ. "ಐವತ್ತ ವರ್ಷ ಸಂಸಾರ ಮಾಡೇನಿ, ಇವತ್ತಿನ ಮಟಾ ನನ್ನ ತೂಕ ಬಾಯಿಬಿಟ್ಟು ಹೇಳೂ ಧೈರ್ಯ ಆ ಮನಶ್ಯಾಗ ಬಂದಿಲ್ಲ" ಎಂದು ಅವಳು ಹೆಮ್ಮೆಯಿಂದ ಹೇಳುತ್ತಿದ್ದಳು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ, ರೈತರ ಮಾಲು ಮಾರಿಕೊಡುವ ಒಂದು ಅಡತಿ ಅಂಗಡಿಯಲ್ಲಿ, ಅಜ್ಜ ನಲವತ್ತು ವರ್ಷ ಕಾಟಾದ ಮೇಲೆ ಚೀಲ ತೂಗುವ ತೂಕದವನಾಗಿದ್ದ. ಒಣಮೆಣಸಿನಕಾಯಿ ವಿಚಿತ್ರ ಮಾಲು. ಆಳೆತ್ತರದ ಚೀಲ ಇರುತ್ತದೆ, ಎತ್ತಿದರೆ ಹಗುರ. ಸ್ವಲ್ಪ ನೀರು ಚಿಮುಕಿಸಿದರೆ ಅದೇ ಚೀಲ ತೂಕ ಬರುತ್ತದೆ. ಹೀಗಾಗಿ ಗಾತ್ರವನ್ನೂ ನಂಬದೆ, ಮಾತನ್ನೂ ನಂಬದೆ ಬದುಕುವುದು ಅವನಿಗೆ ರೂಢಿಯಾಗಿತ್ತು. ಕೆಲಸ ಬಿಟ್ಟ ದಿನ ಅಂಗಡಿಯ ಮಾಲೀಕರು ಶಾಲು ಹೊದಿಸಲು ಬಂದರೆ, "ಶಾಲು ಒಲ್ಲೆರಿ, ಆ ಹಳೇ ಕಲ್ಲು ಕೊಡ್ರಿ" ಎಂದು ಮುದ್ರೆ ಬಿದ್ದ ಕಬ್ಬಿಣದ ತೂಕದ ಕಲ್ಲುಗಳನ್ನು ಮನೆಗೆ ತಂದಿದ್ದ. ಇಪ್ಪತ್ತು ಕಿಲೋದಿಂದ ಹಿಡಿದು ನೂರು ಗ್ರಾಮಿನವರೆಗೆ. ಭಾನುವಾರಕ್ಕೊಮ್ಮೆ ಅವಕ್ಕೆ ಎಣ್ಣೆ ಹಚ್ಚುತ್ತಿದ್ದ. ತನ್ನ ತಲೆಗೆ ಹಚ್ಚಿಕೊಂಡದ್ದನ್ನು ನಾನು ನೋಡಿಲ್ಲ.

ನಮ್ಮ ಮನೆ ಅವನ ಮನೆಯ ಎದುರಿಗೆ. ನಾನಾಗ ಇಪ್ಪತ್ತೆರಡರ ಹುಡುಗಿ, ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಬರವಣಿಗೆಯ ಪರೀಕ್ಷೆ ಪಾಸಾಗಿತ್ತು. ಎತ್ತರಕ್ಕೆ ತೊಂದರೆ ಇರಲಿಲ್ಲ, ಓಟದಲ್ಲಂತೂ ನನ್ನನ್ನು ಹಿಡಿಯುವವರೇ ಇರಲಿಲ್ಲ. ಆದರೆ ಹೆಣ್ಣುಮಕ್ಕಳು ನಲವತ್ತೈದು ಕಿಲೋ ಇರಲೇಬೇಕೆಂಬ ನಿಯಮವಿತ್ತು. ನಾನು ನಲವತ್ತೆರಡರ ಆಸುಪಾಸು. ಹಾವೇರಿಯ ಮೈದಾನದಲ್ಲಿ ಅಳತೆ, ತೂಕಕ್ಕೆ ಕರೆ ಬರಲು ಎರಡೂವರೆ ತಿಂಗಳು ಬಾಕಿ. ಆಗದಿದ್ದರೆ ಮದುವೆ ಎಂದು ಮನೆಯಲ್ಲಿ ಮಾತಾಗಿತ್ತು. ವರ ಹಲಗೇರಿಯವನು. ಹುಡುಗಿ ತೆಳ್ಳಗಿದ್ದಾಳೆಂದೇ ಅವನು ಒಪ್ಪಿದ್ದ. ಅಂದರೆ ಸರ್ಕಾರದ ಲೆಕ್ಕದಲ್ಲಿ ನಾನು ಮೂರು ಕಿಲೋ ಕಡಿಮೆ, ಹಲಗೇರಿಯ ಲೆಕ್ಕದಲ್ಲಿ ಸರಿಯಾದ ತೂಕ. ನನಗೆ ಖಾಕಿ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಹಲಗೇರಿ ಬೇಡವಾಗಿತ್ತು.

ಅವ್ವ ಕದರಮಂಡಲಗಿ ಹನುಮಪ್ಪನಿಗೆ ಹರಕೆ ಹೊತ್ತಳು. ಮಗಳ ತೂಕ ಏರಲಿ ಎಂದು ಮಗಳಿಂದಲೇ ಶನಿವಾರದ ಉಪವಾಸ ಮಾಡಿಸಿದ ತಾಯಿ ಇಡೀ ಜಿಲ್ಲೆಯಲ್ಲಿ ಅವಳೊಬ್ಬಳೇ ಇರಬೇಕು. ಎರಡನೆಯ ಶನಿವಾರ ಗದಿಗೆಪ್ಪಜ್ಜ ಕಟ್ಟೆಯ ಮೇಲಿಂದಲೇ ಕೂಗಿದ, "ಹನಮಪ್ಪಗ ನಾ ತಿಳಿಸಿ ಹೇಳ್ತೇನಿ, ಮದಲ ಆಕಿಗೆ ಉಣ್ಣಾಕ ನೀಡವ್ವ."

ಅಪ್ಪ ಹೊಲಿಗೆ ಅಂಗಡಿಯವನು, ಹೊಸ ಸಾಮಾನೆಂದರೆ ಜೀವ. ಮೊಬೈಲಿನಲ್ಲಿ ಆರ್ಡರ್ ಮಾಡಿ ಗಾಜಿನ ತೂಕದ ಮಷಿನ್ ತರಿಸಿದ. ನೀಲಿ ದೀಪ ಹತ್ತುತ್ತಿತ್ತು. ಮೇಲೆ ನಿಂತರೆ ಫೋನಿಗೆ ಸುದ್ದಿ ಹೋಗುತ್ತಿತ್ತು. ತೂಕವಲ್ಲದೆ ಕೊಬ್ಬು ಎಷ್ಟು, ಎಲುಬು ಎಷ್ಟು, ಮೈಯಲ್ಲಿ ನೀರು ಎಷ್ಟು ಎಂದೆಲ್ಲ ಹೇಳುತ್ತಿತ್ತು. ಅಪ್ಪ ಅದನ್ನು ತೋರಿಸಲೆಂದೇ ಅಜ್ಜನನ್ನು ಮನೆಗೆ ಕರೆದ. ಅಜ್ಜ ಕನ್ನಡಕ ಹಾಕಿಕೊಂಡು ಫೋನನ್ನು ಓದಿಸಿ ಕೇಳಿದ.

"ಎಲುಬಿನ ತೂಕ ಇದಕ್ಕ ಹ್ಯಾಂಗ ಗೊತ್ತಾತು? ಒಳಗ ಹೊಕ್ಕು ನೋಡಿ ಬಂದೈತೇನು?"

ನೀರು ಐವತ್ತೆರಡು ಪರ್ಸೆಂಟ್ ಎಂದು ಓದಿದಾಗ ಮಾತ್ರ ಅವನಿಗೆ ನಿಜಕ್ಕೂ ಗಾಬರಿಯಾಯಿತು. "ಅರ್ಧಕ್ಕಿಂತ ಹೆಚ್ಚು ಹಸಿ ಐತಿ ಅಂದ್ರ ಇಂಥಾ ಮಾಲು ಯಾರ ತಗೋತಾರವ್ವ? ಇನ್ನೂ ಎಂಟ ದಿನ ಬಿಸಲಿಗೆ ಹಾಕಬೇಕು."

"ಮದಲ ಒಣಗಿ ಕಟಗಿ ಆಗ್ಯಾಳ, ಇನ್ನೆಷ್ಟು ಒಣಗಸ್ತೀರಿ ಕಾಕಾ" ಎಂದಳು ಅವ್ವ.

ಅಜ್ಜ ನನ್ನನ್ನು ಮೂರು ಸಲ ಹತ್ತಿಸಿ ಇಳಿಸಿದ. ಮೂರು ಸಲವೂ ನಲವತ್ತೆರಡು ಕಿಲೋ ಎಂಟುನೂರು ಗ್ರಾಂ. ಎಂಥ ಖಾತ್ರಿಯ ಮಷಿನ್ ಎಂದು ಅಪ್ಪ ಬೀಗಿದ. ಅಜ್ಜ ಅಂಗಿಯ ಕಿಸೆಯಿಂದ ಇನ್ನೂರು ಗ್ರಾಮಿನ ಕಲ್ಲು ತೆಗೆದು ನನ್ನ ಅಂಗೈಯಲ್ಲಿಟ್ಟು ಮತ್ತೆ ಹತ್ತಿಸಿದ. ಆಗಲೂ ನಲವತ್ತೆರಡು ಎಂಟುನೂರು.

"ಕಲ್ಲು ಹಿಡದೀ ಇಲ್ಲೋ?"

"ಹಿಡದೇನಜ್ಜಾ."

"ನಿನಗ ಗೊತ್ತೈತಿ, ಅದಕ್ಕ ಗೊತ್ತಿಲ್ಲ. ಇದು ತೂಗವಲ್ದವ್ವ, ಆಗಳೆ ಹೇಳಿದ್ದನ್ನ ನೆನಪ ಇಟ್ಕೊಂಡು ಮತ್ತ ಹೇಳಾಕತ್ತೈತಿ. ನೀ ಇನ್ನೂರ ಗ್ರಾಂ ಏರಿದ್ರೂ ಹೇಳೂದಿಲ್ಲ, ಇಳದ್ರೂ ಹೇಳೂದಿಲ್ಲ. ಮುಲಾಜಿನ ಕಾಟಾ ಇದು. ಮನ್ಯಾಗ ಇಟ್ಕೋಬ್ಯಾಡ್ರಿ."

ಆಮೇಲೆ ವಿಚಾರಿಸಿದಾಗ ಅದು ಖರೇ ಎಂದು ತಿಳಿಯಿತು. ಕೆಲವು ಮಷಿನ್‌ಗಳು ಸಣ್ಣ ವ್ಯತ್ಯಾಸವಿದ್ದರೆ ಹಿಂದಿನ ಅಂಕಿಯನ್ನೇ ತೋರಿಸುತ್ತವಂತೆ. ಕೊಂಡವರಿಗೆ ಮಷಿನ್ ಮೇಲೆ ನಂಬಿಕೆ ಹೋಗಬಾರದೆಂದು ಈ ಏರ್ಪಾಡು. ಅಂದರೆ ನಾನು ವಾರವಿಡೀ ತಿಂದು ಒಂದಿಷ್ಟು ಏರಿದ್ದರೂ ಅದು ನನಗೆ ಹೇಳುತ್ತಿರಲಿಲ್ಲ. ಅಪ್ಪ ಅದನ್ನು ಅಂಗಡಿಗೆ ಒಯ್ದು ಕತ್ತರಿಸಿದ ಬಟ್ಟೆ ಹಾರದಂತೆ ಮೇಲಿಡಲು ಬಳಸಿದ. ಆ ಕೆಲಸವನ್ನು ಅದು ಪ್ರಾಮಾಣಿಕವಾಗಿ ಮಾಡಿತು.

ಸರಿಯಾದ ಮಷಿನ್ ಕೊಳ್ಳಲು ಅಜ್ಜ ನನ್ನನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೊರಟ. ಎರಡು ಇಪ್ಪತ್ತು ಕಿಲೋ ಕಲ್ಲು, ಒಂದು ಐದು ಕಿಲೋ ಕಲ್ಲು, ಜೊತೆಗೆ ಕಿಸೆಯಲ್ಲಿ ಚಿಲ್ಲರೆ ಕಲ್ಲು. ಗೋಣಿಚೀಲದಲ್ಲಿ ಕಟ್ಟಿ ಇಬ್ಬರೂ ಎತ್ತಿ ಬಸ್ಸಿನಲ್ಲಿಟ್ಟಾಗ ನನ್ನ ಸೊಂಟ ಕಳಚಿದಂತಾಗಿತ್ತು. ಕಂಡಕ್ಟರ್ ಚೀಲವನ್ನು ಕಾಲಿನಿಂದ ಸರಿಸಲು ನೋಡಿದ, ಅದು ಸರಿಯಲಿಲ್ಲ.

"ಏನೈತ್ರಿ ಅಜ್ಜಾರ ಇದರಾಗ?"

"ಈ ಹುಡುಗಿ ಮುಂದ ಎಷ್ಟ ಆಗಬೇಕೋ ಅಷ್ಟು ಐತಿ."

ಕಂಡಕ್ಟರ್ ಏನೂ ತಿಳಿಯದೆ ಚೀಲಕ್ಕೆ ಲಗೇಜು ಟಿಕೆಟ್ ಹರಿದ. ಹೆಣ್ಣುಮಗಳಾದ ನನಗೆ ಬಸ್ಸು ಪುಕ್ಕಟೆ, ನನ್ನ ತೂಕದ ಕಬ್ಬಿಣಕ್ಕೆ ಮಾತ್ರ ಟಿಕೆಟ್. ಅಜ್ಜ ದಾರಿಯುದ್ದಕ್ಕೂ ಆ ಟಿಕೆಟ್ಟನ್ನು ನೋಡಿ ನಗುತ್ತಿದ್ದ.

ಅಂಗಡಿಯಲ್ಲಿ ಐದು ಮಷಿನ್ ಹೊರಗೆ ತೆಗೆಸಿದ. ಮೊದಲು ಬಾಟಲಿಯಿಂದ ನೆಲದ ಮೇಲೆ ಸ್ವಲ್ಪ ನೀರು ಸುರಿದು ಯಾವ ಕಡೆ ಹರಿಯುತ್ತದೆ ಎಂದು ನೋಡಿದ. ಅಂಗಡಿಯವನ ಮುಖ ಅಲ್ಲಿಗೇ ಕೆಟ್ಟಿತು. ನೀರು ನಿಂತ ಜಾಗದಲ್ಲಿ ಮಷಿನ್ ಇಟ್ಟು, ಒಂದೊಂದರ ನಾಲ್ಕೂ ಮೂಲೆಗೆ ಇಪ್ಪತ್ತು ಕಿಲೋ ಕಲ್ಲು ಇಟ್ಟು ಓದಿದ. ಆಮೇಲೆ ನಡುವೆ ನಲವತ್ತೈದು.

"ನೂರೈವತ್ತ ಕಿಲೋ ತನಕಾ ತೂಗತೈತ್ರಿ ಅಜ್ಜಾರ" ಎಂದ ಅಂಗಡಿಯವನು.

"ನೂರೈವತ್ತರ ಮ್ಯಾಲ ಏನರ ಸುಳ್ಳ ಹೇಳಲಿ, ನಮ್ಮದೇನೂ ತಕರಾರಿಲ್ಲ. ನಲವತ್ತೈದರ ಮ್ಯಾಲ ಖರೇ ಹೇಳಬೇಕು."

"ತಗೊಳ್ಳೂದು ಒಂದು, ನೋಡೂದು ಐದೇನ್ರಿ?"

"ಕನ್ಯಾ ನೋಡಾಕ ಹೋದ್ರ ಒಂದ ಮನಿ ನೋಡತೀರೇನು?"

ಒಂದು ಮಷಿನ್ ನಲವತ್ತನಾಲ್ಕು ತೋರಿಸಿತು, ಇನ್ನೊಂದು ನಲವತ್ತಾರು. ಮೂರನೆಯದು ನಡುವೆ ಒಂದು ಹೇಳಿದರೆ ಮೂಲೆಗೆ ಇನ್ನೊಂದು ಹೇಳುತ್ತಿತ್ತು. ನಾಲ್ಕನೆಯದು ನಮ್ಮ ಗಾಜಿನ ಮಷಿನ್ನಿನ ತಮ್ಮ. ಕೊನೆಯದಕ್ಕೆ ರೂಪವೇ ಇರಲಿಲ್ಲ. ಮೇಲೆ ಕರಿ ರಬ್ಬರು, ಬೆರಳಗಲದ ಅಂಕಿಗಳು, ಫೋನಿಗೂ ಅದಕ್ಕೂ ಸಂಬಂಧವಿಲ್ಲ. ನಲವತ್ತೈದು ಇಟ್ಟರೆ ನಲವತ್ತೈದು, ಮೇಲೆ ಇನ್ನೂರು ಗ್ರಾಂ ಇಟ್ಟರೆ ನಲವತ್ತೈದು ಇನ್ನೂರು. ಅಜ್ಜ ಅದರ ಬೆನ್ನು ತಟ್ಟಿದ. "ಇದಕ್ಕ ಚಂದ ಕಾಣೂ ಹುಚ್ಚ ಇಲ್ಲ" ಎಂದ. ಅಷ್ಟು ಹೊತ್ತಿಗೆ ಅಂಗಡಿಯ ಮುಂದೆ ಹತ್ತು ಜನ ನಿಂತಿದ್ದರು. ಅವರಲ್ಲಿ ಮೂವರು ಅದೇ ಮಷಿನ್ ಕೇಳಿದ್ದರಿಂದ ಅಂಗಡಿಯವನು ನಮಗೆ ಚಹಾ ಕುಡಿಸಿ ಕಳಿಸಿದ.

ಮಷಿನ್ ಇಟ್ಟದ್ದು ಅಜ್ಜನ ಪಡಸಾಲೆಯಲ್ಲಿ. ನಮ್ಮ ಮನೆಯ ನೆಲ ಬಚ್ಚಲ ಕಡೆ ಇಳಿಜಾರಿದೆ, ಅವನದು ಶಹಾಬಾದ್ ಫರಸಿಯ ಸಮನಾದ ನೆಲ ಎಂಬುದು ಅವನು ಕೊಟ್ಟ ಕಾರಣ. ದಿನಾ ಬೆಳಿಗ್ಗೆ ಕೊಡ ಮುಟ್ಟುವ ಮೊದಲು, ಚಹಾ ಕುಡಿಯುವ ಮೊದಲು ನಾನು ಹೋಗಬೇಕು. ತೂಕಕ್ಕೆಂದು ಗೊತ್ತು ಮಾಡಿದ ಅದೇ ಹಸಿರು ಚೂಡಿದಾರ್ ತೊಟ್ಟಿರಬೇಕು. ಮೇಲೆ ನಿಂತ ಮೇಲೆ ಗೋಡೆಯ ಕ್ಯಾಲೆಂಡರನ್ನೇ ನೋಡಬೇಕು, ಕತ್ತು ಬಗ್ಗಿಸಿದರೆ ತೂಕ ಅಲ್ಲಾಡುತ್ತದೆ. ಅಂಕಿ ಓದುವುದು ಅವನ ಹಕ್ಕು. ಮಂಡಿಯೂರಿ ಕೂತು, ಅಂಗೈಯಿಂದ ಬೆಳಕು ಮರೆಮಾಡಿ ಓದಿ, ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಕೆಲಸ ಮುಗಿದ ಕೂಡಲೇ ಬ್ಯಾಟರಿ ಬಿಚ್ಚಿ ಎಲೆ ಅಡಿಕೆಯ ಚಂಚಿಯಲ್ಲಿ ಹಾಕಿಕೊಳ್ಳುತ್ತಿದ್ದ. ಬ್ಯಾಟರಿ ಒಳಗಿದ್ದರೆ ಕಂಡಕಂಡವರು ಹತ್ತಿ ಅದರ ಚಾಳಿ ಕೆಡಿಸುತ್ತಾರೆ ಎಂಬುದು ಅವನ ಭಯ.

ನೀಲವ್ವ ಅಜ್ಜಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಇಟ್ಟು ನನಗೆ ತಿನ್ನಿಸಿದಳು. ಶೇಂಗಾ ಉಂಡೆ, ಬಾಳೆಹಣ್ಣು, ಮಧ್ಯಾಹ್ನಕ್ಕೊಂದು ಲೋಟ ಹಾಲು. ಬಾಗಿಲಿನ ಅಂಕಿ ಆಮೆಯ ನಡಿಗೆಯಲ್ಲಿ ಏರಿತು. ನಲವತ್ತೆರಡು ಒಂದು ನೂರು, ನಲವತ್ತಮೂರು, ನಲವತ್ತನಾಲ್ಕು. ಹಾಲಿನವನಿಂದ ಹಿಡಿದು ಕರೆಂಟ್ ಬಿಲ್ಲಿನವನವರೆಗೆ ಎಲ್ಲರೂ ನಿಂತು ಬಾಗಿಲನ್ನು ಓದಿಯೇ ಮುಂದೆ ಹೋಗುತ್ತಿದ್ದರು.

ಹಾವೇರಿಗೆ ಹೋಗುವ ಹಿಂದಿನ ದಿನ ಅಜ್ಜ ಬರೆದ ಅಂಕಿ ನಲವತ್ತನಾಲ್ಕು ಆರುನೂರು. ನಾನೂರು ಗ್ರಾಂ ಕಡಿಮೆ. ನಾನು ಅಲ್ಲೇ ಕೂತು ಅತ್ತೆ. ಅಳುತ್ತಲೇ, ತೂಕಕ್ಕೆ ಮೊದಲು ಹೊಟ್ಟೆ ತುಂಬ ನೀರು ಕುಡಿದರೆ ಆಯಿತಂತೆ, ಎಲ್ಲ ಹುಡುಗಿಯರೂ ಹಾಗೇ ಮಾಡುತ್ತಾರಂತೆ ಎಂದೆ. ಅಜ್ಜನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಹಿಂದೆ ನೋಡಿರಲಿಲ್ಲ.

"ನಲವತ್ತ ವರ್ಷದಾಗ ನೀರ ಹೊಡದ ಒಂದ ಚೀಲ ನಾ ಕಾಟಾದ ಮ್ಯಾಲ ಏರಸಿಲ್ಲ. ನನ್ನ ಕೈಯಾಗ ತೂಗಿಸ್ಕೊಂಡಾಕಿ ನೀ. ನೀರ ಕುಡದು ಏರಿದ್ರ ನನ್ನ ಹೊಸ್ತಲಾ ಏರಬ್ಯಾಡ."

ಐದು ಕಿಲೋ ಕಲ್ಲು ತಂದು ಅದರ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸಿದ. ನಾನು ಮಾಡಿದೆ. ಮನಸ್ಸಿನಲ್ಲಿ ಆಗ ನಿಜವಾಗಿಯೂ ಕುಡಿಯಬಾರದೆಂದೇ ಇತ್ತು.

ಹಾವೇರಿಯಲ್ಲಿ ಸಾಲು ನಿಂತಾಗ ನನ್ನ ಮುಂದಿದ್ದ ಹುಡುಗಿಯ ತೂಕ ನಲವತ್ತನಾಲ್ಕು ಏಳುನೂರು ಬಂತು. ಅವಳು ಬಿಕ್ಕುತ್ತ ಹೊರಗೆ ಹೋದಳು. ಅವಳಿಗಿಂತಲೂ ನಾನು ಕಡಿಮೆ. ಬೂಟಿನ ದಾರ ಕಟ್ಟುವ ನೆವದಲ್ಲಿ ಸಾಲು ಬಿಟ್ಟು, ಚೀಲದಿಂದ ಲೀಟರ್ ಬಾಟಲಿ ತೆಗೆದು ಒಂದೇ ಉಸಿರಿಗೆ ಖಾಲಿ ಮಾಡಿ ಬಂದೆ. ಬೂಟು ಬಿಚ್ಚಿ, ಅದೇ ಹಸಿರು ಚೂಡಿದಾರ್‌ನಲ್ಲಿ ಮೇಲೆ ನಿಂತೆ. ನಲವತ್ತಾರು ಮುನ್ನೂರು. "ಮುಂದ" ಎಂದರು. ಮುಂದೆ ಓಟ. ಹೊಟ್ಟೆಯಲ್ಲಿ ಒಂದು ಲೀಟರ್ ನೀರು ಕುಲುಕುತ್ತಿರುವಾಗ ಓಡುವುದು ಏನೆಂದು ಆವತ್ತು ತಿಳಿಯಿತು. ಹೇಗೋ ಅದೂ ಪಾಸಾಯಿತು.

ಸಂಜೆ ಅಜ್ಜ ಕಟ್ಟೆಯ ಮೇಲೆ ಕಾಯುತ್ತಿದ್ದ. ಅಂಕಿ ಹೇಳಿದೆ. ಅವನು ಬೆರಳು ಮಡಚಿದ.

"ಚೀಲದ ಏಳ ನೂರು ಕಳದ್ರ ನಲವತ್ತೈದೂ ಆರ ನೂರು."

"ಯಾವ ಚೀಲ ಅಜ್ಜಾ?"

"ನಿನ್ನ ಅರಿಬೀದು. ಮಾಲು ಎಷ್ಟು ಐತಿ ಅಂತ ಹೇಳಬೇಕವ್ವ. ಚೀಲಾ ಸೇರಿಸಿ ಹೇಳೂದು ಯಾವ ಪ್ಯಾಟಿ ಪದ್ಧತಿ?"

ಮೊದಲ ದಿನವೇ ಅವ್ವನಿಂದ ಆ ಹಸಿರು ಚೂಡಿದಾರ್ ಇಸಿದುಕೊಂಡು ತೂಗಿಟ್ಟಿದ್ದನಂತೆ. ಅಂದಿನಿಂದ ದಿನಾ ಏಳುನೂರು ಗ್ರಾಂ ಕಳೆದು ಬಾಗಿಲಿಗೆ ಬರೆದಿದ್ದ. ಇದರಲ್ಲಿ ಹೇಳುವಂಥದ್ದು ಏನಿದೆ ಎಂದು ಅವನು ಹೇಳಿರಲಿಲ್ಲ. ಹಾವೇರಿಯವರೂ ಬಟ್ಟೆಯ ತೂಕ ಕಳೆದೇ ಬರೆದುಕೊಳ್ಳುತ್ತಾರೆ ಎಂದು ತಿಳಿದಿದ್ದ. ಹಿಂದಿನ ದಿನ ಮಷಿನ್ ತೋರಿಸಿದ್ದು ನಲವತ್ತೈದು ಮುನ್ನೂರು. ನೀರಿನ ಒಂದು ಹನಿ ಮುಟ್ಟದೆ ಹೋಗಿದ್ದರೂ ನಾನು ಪಾಸಾಗುತ್ತಿದ್ದೆ. ಅವನ ಭುಜ ಹಿಡಿದು ಅಲ್ಲಾಡಿಸಬೇಕು ಎನ್ನುವಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಅವನು ಕೇಳಿದ.

"ನೀರ ಕುಡದಿಲ್ಲಲಾ?"

"ಇಲ್ಲಜ್ಜಾ."

ಅಜ್ಜ ಬಾಗಿಲಿನ ಅಂಕಿಯ ಕಡೆ ತಿರುಗಿದ. ನಿನ್ನೆ ನಲವತ್ತನಾಲ್ಕು ಆರುನೂರು, ಇವತ್ತು ನಲವತ್ತೈದು ಆರುನೂರು. "ಹಂಗಾದ್ರ ಹಾವೇರಿ ಕಾಟಾ ಒಂದ ಕಿಲೋ ಜಾಸ್ತಿ ಓಡಾಕತ್ತೈತಿ" ಎಂದು ತೀರ್ಪು ಕೊಟ್ಟ. ಆ ಮಾತಿಗೆ ನಿಲ್ಲಲಿಲ್ಲ, ಮರುದಿನ ಬೆಳಿಗ್ಗೆ ಗೋಣಿಚೀಲದಲ್ಲಿ ಕಲ್ಲು ಕಟ್ಟತೊಡಗಿದ. ಹಾವೇರಿ ಮೈದಾನಕ್ಕೇ ಹೋಗಿ ಸಾಹೇಬರ ಮುಂದೆ ಪರೀಕ್ಷೆ ಮಾಡಿ ತೋರಿಸುವವನಿದ್ದ. ಎಲ್ಲರನ್ನೂ ಮತ್ತೆ ತೂಗಿದರೆ ನನ್ನ ಗತಿ ಏನು ಎಂದು ನಾನು ಕಾಲು ಹಿಡಿದೆ, ಕೇಳಲಿಲ್ಲ. ಕೊನೆಗೆ ನೀಲವ್ವ ಅಜ್ಜಿ ಐದು ಕಿಲೋ ಕಲ್ಲನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು. ಅದಿಲ್ಲದೆ ನಲವತ್ತೈದು ಆಗುತ್ತಿರಲಿಲ್ಲ. ಅಜ್ಜ ಹುಡುಕಿ ಹುಡುಕಿ ಹೋಗುವುದನ್ನು ಕೈಬಿಟ್ಟ.

ಆರ್ಡರ್ ಬಂತು, ಟ್ರೇನಿಂಗ್ ಮುಗಿಯಿತು, ಪೋಸ್ಟಿಂಗ್ ಹಾವೇರಿಗೇ ಆಯಿತು. ಹಲಗೇರಿಯ ವರ ಬೇರೆ ತೆಳ್ಳನೆಯ ಹುಡುಗಿಯನ್ನು ಮಾಡಿಕೊಂಡ. ಮದುವೆಯಾದ ವರ್ಷದೊಳಗೆ ಅವನೇ ಎಂಬತ್ತು ದಾಟಿದ ಎಂಬುದು ಅಜ್ಜನ ಅಂದಾಜು. ಆದರೆ ಈ ಅವಧಿಯಲ್ಲೆಲ್ಲ ಅಜ್ಜ ಹಾವೇರಿ ಕಾಟಾದ ಹೆಸರು ಕೆಡಿಸುತ್ತಲೇ ಇದ್ದ. "ಹುಡುಗಿ ಭಾಳ ಶಾಣ್ಯಾ. ಕಾಟಾ ಮಾತ್ರ ಸುಮಾರು" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಪಾಪದ ಮಷಿನ್ ಮೇಲೆ ಹೀಗೆ ಸುಳ್ಳು ಆರೋಪ ಹೊರಿಸಿ ನಾನು ದಿನಾ ಠಾಣೆಯಲ್ಲಿ ಬೇರೆಯವರ ದೂರು ಬರೆದುಕೊಳ್ಳುತ್ತಿದ್ದೆ. ನನಗೆ ನಾಚಿಕೆಯಾಗುತ್ತಿತ್ತು. ಆದರೂ ಹೇಳಲು ಬಾಯಿ ಬರಲಿಲ್ಲ.

ಕಳೆದ ಸುಗ್ಗಿಯಲ್ಲಿ ನೀಲವ್ವ ಅಜ್ಜಿ ಫೋನ್ ಮಾಡಿದಳು. "ನಿಮ್ಮಜ್ಜಾರು ಎದ್ದು ಕುಂದ್ರವಲ್ರವ್ವ. ಊಟಾ ಬಿಟ್ಟಾರ. ಒಮ್ಮಿ ಬಂದು ಹೋಗು." ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಹೋದೆ. ಅಜ್ಜ ಹೊರಸಿನ ಮೇಲೆ ಮಲಗಿದ್ದ. ಡಾಕ್ಟರ ಬಗ್ಗೆ ಕೇಳಿದೆ. ಅವನ ತಲೆಯಲ್ಲಿ ಬೇರೆಯೇ ಇತ್ತು.

"ರೇಣವ್ವಾ, ಒಂದ ಮಾತ ಕೇಳ್ತೇನಿ. ಹಾವೇರಿ ಕಾಟಾ ತಪ್ಪು ಅಂತ ನಾನು ಊರ ತುಂಬ ಹೇಳಿದೆ. ಈಗ ಮಕ್ಕೊಂಡಲ್ಲೆ ವಿಚಾರ ಮಾಡಾಕತ್ತೇನಿ. ತಪ್ಪಿದ್ದು ಅದೋ, ನಾನೋ? ಎರಡರಾಗ ಒಂದು ತಪ್ಪಿರಬೇಕಲಾ. ನಲವತ್ತ ವರ್ಷದಾಗ ನಂದು ಒಂದ ಕಿಲೋ ಎಲ್ಲೂ ತಪ್ಪಿರಲಿಲ್ಲ."

ನಿದ್ದೆ ಬಾರದೆ ಅವನು ಲೆಕ್ಕ ಹಾಕುತ್ತಿದ್ದದ್ದು ಇದನ್ನು.

"ಅಜ್ಜಾ, ಆವತ್ತ ನಾ ಒಂದ ಲೀಟರ್ ನೀರ ಕುಡದಿದ್ದೆ."

ಅವನು ನನ್ನನ್ನೇ ನೋಡಿದ. ಆಣೆಯ ಮಾತು ತೆಗೆಯುತ್ತಾನೆ, ಹೊರಗೆ ನಡೆ ಎನ್ನುತ್ತಾನೆ ಎಂದು ಕಾದೆ. ಅವನ ಹೆಬ್ಬೆರಳು ನಿಧಾನವಾಗಿ ಬೆರಳ ಗೆಣ್ಣುಗಳ ಮೇಲೆ ಓಡಾಡಿತು. "ನಲವತ್ತಾರೂ ಮುನ್ನೂರು. ನೀರಿಂದು ಒಂದ ಕಿಲೋ. ಅರಿಬೀದು ಏಳ ನೂರು." ತುಟಿ ಅಲ್ಲಾಡುತ್ತಿತ್ತು. "ನಲವತ್ತನಾಕೂ ಆರ ನೂರು." ಅವನ ಮುಖ ಅರಳಿತು. ಒಳಗಿದ್ದ ಹೆಂಡತಿಗೆ ಕೇಳುವಂತೆ ಹೇಳಿದ, "ನೀಲಾ, ಎರಡೂ ಕಾಟಾ ಖರೇ ಅದಾವಂತ."

ಆಮೇಲೆ ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡ. ದನಿ ತೀರ ಸಣ್ಣದಾಗಿತ್ತು.

"ಆದ್ರ ನೀ ನಾಕನೂರ ಗ್ರಾಂ ಕಡಿಮಿ ಇದ್ದೆವ್ವ. ಯಾರ ಮುಂದೂ ಹೇಳಬ್ಯಾಡ."

ನಾಲ್ಕನೆಯ ದಿನ ಅಜ್ಜ ತೀರಿಕೊಂಡ. ನಮ್ಮ ಪದ್ಧತಿಯಂತೆ ಅವನನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಲು ಎತ್ತುವಾಗ ಒಂದು ಕಡೆಯಿಂದ ನಾನೂ ಕೈ ಕೊಟ್ಟೆ. ನಲವತ್ತೊಂದು ಇದ್ದಿರಬಹುದು, ಅಷ್ಟೇ. ಯಾರ ಮುಂದೆಯೂ ಹೇಳಲಿಲ್ಲ.